ಒಂದೇ ಸಪ್ಪಳ

ಬೆಳಗಿನ ಐದು ಗಂಟೆಗೆ ನಮ್ಮ ಮನೆಯಲ್ಲಿ ಎರಡು ಸಪ್ಪಳ ಏಳುತ್ತವೆ. ಅಡುಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುವುದು ಒಂದು. ಹಿತ್ತಲಲ್ಲಿ ನಾನು ಭಾರ ಎತ್ತಿ ಇಳಿಸುವುದು ಇನ್ನೊಂದು. ಸವದತ್ತಿಯ ಬಸ್ ನಿಲ್ದಾಣಕ್ಕೆ ಆ ಹೊತ್ತಿಗೆ ಇನ್ನೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಕೋಟೆಯ ಬುರುಜುಗಳು ಕತ್ತಲೊಳಗೇ ಇರುತ್ತವೆ. ಹುಣ್ಣಿಮೆ ಹತ್ತಿರವಿದ್ದರೆ ಯಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟವರ ‘ಉಧೋ ಉಧೋ’ ದೂರದಲ್ಲಿ ಹುಟ್ಟಿ, ನಮ್ಮ ಓಣಿಯ ಬಾಯಿಗೆ ಬಂದು, ಮತ್ತೆ ದೂರವಾಗುತ್ತದೆ. ಅದು ಕರಗಿದ ಮೇಲೆ ಉಳಿಯುವುದು ಈ ಎರಡೇ ಸಪ್ಪಳ. ಒಂಬತ್ತು ವರ್ಷದಿಂದ ಹೀಗೇ ಬೆಳಗಾಗುತ್ತಿದೆ.

ನಾನು ಕಲಿಯುತ್ತಿರುವುದು ಒಲಿಂಪಿಕ್ಸ್‌ನಲ್ಲಿರುವ ವೇಟ್‌ಲಿಫ್ಟಿಂಗ್. ಅದರಲ್ಲಿ ಎತ್ತುವ ಬಗೆ ಎರಡೇ. ನೆಲದ ಮೇಲಿರುವ ಬಾರ್ ಅನ್ನು ಒಂದೇ ಸೆಳೆತಕ್ಕೆ ತಲೆಯ ಮೇಲೆ ನಿಲ್ಲಿಸಿದರೆ ಅದು ಸ್ನ್ಯಾಚ್. ಮೊದಲು ಭುಜಕ್ಕೆ ತಂದು, ಎದ್ದು ನಿಂತು, ಆಮೇಲೆ ತಲೆಯ ಮೇಲಕ್ಕೆ ಚಿಮ್ಮಿಸಿದರೆ ಅದು ಕ್ಲೀನ್ ಅಂಡ್ ಜರ್ಕ್. ಗಂಡಸರ ಬಾರ್ 20 ಕೆ.ಜಿ. ತೂಗುತ್ತದೆ, ಉದ್ದ 2.2 ಮೀಟರ್, ಹಿಡಿಯುವ ಕಡೆ ದಪ್ಪ 28 ಮಿಲಿಮೀಟರ್. ಹೆಂಗಸರದ್ದು 15 ಕೆ.ಜಿ. ಸ್ಪರ್ಧೆಯ ಕಟ್ಟೆ ನಾಲ್ಕು ಮೀಟರಿನ ಚೌಕ. ಒಂದೊಂದು ಬಗೆಗೂ ಮೂರು ಯತ್ನ. ಚೌಕಟ್ಟು ಇಷ್ಟು ಸರಳ. ಅದರೊಳಗೆ ದೇಹ ಮಾಡಬೇಕಾದ ಕೆಲಸ ಎಷ್ಟು ಸೂಕ್ಷ್ಮವಾದದ್ದು ಎಂಬುದು ಒಬ್ಬನೇ ನಿಂತು ಕಲಿಯಲು ಹೊರಟ ದಿನದಿಂದಲೇ ತಿಳಿಯತೊಡಗಿತು. ಕಲಿಸುವವರು ಯಾರೂ ನನಗೆ ಸಿಕ್ಕಿರಲಿಲ್ಲ. ನಮ್ಮ ಗೊಬ್ಬರದ ಅಂಗಡಿಯ ಬಾಗಿಲು ಮುಚ್ಚಿ ದಿನಾ ಬೆಳಗಾವಿಗೋ ಧಾರವಾಡಕ್ಕೋ ಹೋಗಿಬರುವ ಹಾಗೂ ಇರಲಿಲ್ಲ.

ಭಾರ ಎತ್ತುವುದು ನಮ್ಮ ಸೀಮೆಗೆ ಹೊಸದೇನಲ್ಲ. ಜಾತ್ರೆ ಬಂತೆಂದರೆ ಸಂಗ್ರಾಣಿ ಕಲ್ಲು ಎತ್ತುವವರು, ಗುಂಡು ಎತ್ತುವವರು, ಜೋಳದ ಚೀಲವನ್ನು ಹೆಗಲಿಗೇರಿಸುವವರು ಅಖಾಡಕ್ಕೆ ಇಳಿಯುತ್ತಾರೆ. ಸಂಕ್ರಾಂತಿಯ ಹೊತ್ತಿನಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದವರು ಭಾರ ಎತ್ತುವ ಸ್ಪರ್ಧೆ ನೋಡದೆ ಬರುವುದಿಲ್ಲ. ಪಕ್ಕದ ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣ ತಾಲೀಮು ಮಾಡಿದ ಗರಡಿ ಎಂದು ಇಂದಿಗೂ ಜನ ಭಕ್ತಿಯಿಂದ ತೋರಿಸುತ್ತಾರೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನನ್ನು ನೆನೆಯುವಾಗ ನಮ್ಮ ಹಳ್ಳಿಗಳ ಹುಡುಗರ ಕಣ್ಣ ಮುಂದೆ ಮೊದಲು ಬರುವುದು ಅವನ ಮೈಕಟ್ಟು. ಗರಡಿ, ಕೆಮ್ಮಣ್ಣು, ಸಾಮು, ಬಸ್ಕಿ ಇವೆಲ್ಲ ನಮ್ಮ ಬಾಯಲ್ಲಿ ಇನ್ನೂ ಬದುಕಿರುವ ಮಾತುಗಳು.

ಚಿಕ್ಕವನಿದ್ದಾಗ ಅಪ್ಪನ ಬೆರಳು ಹಿಡಿದು ಒಂದು ಗರಡಿ ನೋಡಲು ಹೋಗಿದ್ದೆ. ಪೈಲವಾನರ ಮುಖಗಳು ಮರೆತುಹೋಗಿವೆ. ನೆನಪಿರುವುದು ಅಲ್ಲಿನ ವಸ್ತಾದ. ಅವರು ಮಣ್ಣಿಗೆ ಇಳಿಯಲೇ ಇಲ್ಲ. ದಂಡೆಯ ಮೇಲೆ, ಹೆಗಲ ಮೇಲೊಂದು ಟವೆಲು ಹಾಕಿಕೊಂಡು, ಸುಮ್ಮನೆ ಕೂತಿದ್ದರು. ಬಹಳ ಹೊತ್ತಿಗೊಮ್ಮೆ ಒಂದು ಮಾತು: ‘ಸೊಂಟ.’ ಮತ್ತೆ ಮೌನ. ಆ ಒಂದು ಮಾತಿಗೆ ಮಣ್ಣಿನಲ್ಲಿದ್ದ ಹುಡುಗನ ಇಡೀ ಮೈ ಬದಲಾಗುತ್ತಿತ್ತು. ‘ಅವರು ಏನೂ ಮಾಡವಲ್ಲರಲ್ಲಪಾ’ ಎಂದು ಕೇಳಿದ್ದಕ್ಕೆ ಅಪ್ಪ, ‘ನೋಡಾಕತ್ತಾರಲ್ಲ, ಅದ ಅವರ ಕೆಲಸ’ ಎಂದಿದ್ದರು. ಆ ಮಾತಿನ ತೂಕ ತಿಳಿಯಲು ನನಗೆ ಇಪ್ಪತ್ತೈದು ವರ್ಷ ಬೇಕಾಯಿತು.

ಹುಬ್ಬಳ್ಳಿಯಿಂದ ಹಳೆಯದೊಂದು ಬಾರ್ ತಂದೆ. ತಂದ ದಿನವೇ ಅದನ್ನು ಎತ್ತಬೇಕೆಂಬ ಆಸೆ ಬಹಳವಿತ್ತು. ಆದರೂ ಮೂರು ತಿಂಗಳು ಅದನ್ನು ಗೋಡೆಗೆ ಒರಗಿಸಿಯೇ ಇಟ್ಟೆ. ನೀರಿನ ಪೈಪಿನ ಒಂದು ತುಂಡನ್ನು ಹಿಡಿದು, ಅಂಗಡಿಯಲ್ಲಿ ಸಿಗುವ ಬಿಡುವಿನಲ್ಲೆಲ್ಲ ಮೊಬೈಲಿನಲ್ಲಿ ನೋಡಿದ್ದನ್ನು ಬೆಳಗಿನ ಹೊತ್ತು ಹಿತ್ತಲಲ್ಲಿ ಮಾಡಿ ನೋಡುತ್ತಿದ್ದೆ. ಪೈಪಿಗೆ ತೂಕವಿಲ್ಲದ್ದರಿಂದ ತಪ್ಪು ಮಾಡಿದರೂ ಅದು ಬೈಯುವುದಿಲ್ಲ. ಮೈಗೆ ದಾರಿ ಪರಿಚಯವಾಗುವವರೆಗೆ ಅಂಥ ಸೌಮ್ಯ ಜೊತೆಗಾರ ಬೇಕು.

ಬಾರ್ ಕೈಗೆ ತೆಗೆದುಕೊಂಡ ಮೇಲೆ ಮೊದಲು ಕಲಿತದ್ದು ಬಿಡುವುದನ್ನು. ಇದನ್ನು ಕಲಿಸಿದವರು ನಮ್ಮ ಅಂಗಡಿಗೆ ಲೋಡು ಇಳಿಸಲು ಬರುವ ಹಮಾಲ ಕಾಕಾ. ಯೂರಿಯಾ ಚೀಲ 45 ಕೆ.ಜಿ., ಡಿಎಪಿ ಚೀಲ 50. ಇಂಥ ಚೀಲಗಳನ್ನು ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಟ್ರ್ಯಾಕ್ಟರಿಗೆ ಹೊತ್ತುಹೊತ್ತೇ ಅವರ ಕೂದಲು ಬೆಳ್ಳಗಾಗಿದೆ. ಒಂದು ಬೆಳಿಗ್ಗೆ ಬೇಗ ಬಂದವರು ನನ್ನ ಹಿತ್ತಲಿಗೆ ಇಣುಕಿ ಸ್ವಲ್ಪ ಹೊತ್ತು ನಿಂತರು. ನಾನು ತಲೆಯ ಮೇಲೆ ತಂದ ಬಾರ್ ಅಲುಗಿತು. ಹೇಗಾದರೂ ಉಳಿಸಿಕೊಳ್ಳಬೇಕೆಂದು ಅದರ ಕೆಳಗೇ ಒದ್ದಾಡಿದೆ.

‘ಸಣ್ಣ ಸಾವಕಾರ್ರ, ಅದನ್ನ ಉಳಸಾಕ ಹೋಗಬ್ಯಾಡ್ರಿ’ ಎಂದರು. ‘ಚೀಲಾ ಜಾರಿತಂದ್ರ ನಾವು ಚೀಲಾ ಹಿಡಿಯೂದಿಲ್ಲರಿ. ನಾವು ಸರೀತೀವಿ. ಚೀಲಾ ಬಿದ್ದರ ಮತ್ತ ಎತ್ತಬಹುದು.’

ಅಂದಿನಿಂದ ಒಂದು ತಿಂಗಳು ಬರೀ ಬಿಡುವುದನ್ನೇ ಕಲಿತೆ. ಭಾರ ಮುಂದಕ್ಕೆ ಹೋಗುತ್ತಿದೆ ಅನ್ನಿಸಿದರೆ ಮುಂದಕ್ಕೇ ತಳ್ಳಿ ನಾನು ಹಿಂದೆ ಸರಿಯುವುದು. ಹಿಂದಕ್ಕೆ ಹೋಗುತ್ತಿದ್ದರೆ ಕೈ ಬಿಟ್ಟು ಮುಂದೆ ಜಿಗಿಯುವುದು. ನೆಲಕ್ಕೆ ಲಾರಿಯ ಹಳೆಯ ಟೈರು ಕತ್ತರಿಸಿ ಹಾಸಿದೆ. ಕೋಚ್ ಜೊತೆಗಿದ್ದವನಿಗೂ ಇದು ಬೇಕು. ಒಬ್ಬನೇ ಇರುವವನಿಗಂತೂ ಇದು ಪ್ರಾಣದ ಮಾತು. ಹಿಡಿದದ್ದನ್ನು ಕ್ಷಣದಲ್ಲಿ ಬಿಡಬಲ್ಲೆ ಎಂಬ ಭರವಸೆ ಬಂದ ಮೇಲೆಯೇ ಹಿಡಿತದಲ್ಲಿ ಧೈರ್ಯ ಬಂತು. ಅಲ್ಲಿಯವರೆಗೆ ಧೈರ್ಯವೆಂದು ನಾನು ತಿಳಿದಿದ್ದು ಬರೀ ಬಿಗಿತ.

ಹಿಡಿತದ ಮಾತು ಬಂದಾಗ ಹೆಬ್ಬೆರಳಿನ ಮಾತು ಹೇಳಲೇಬೇಕು. ವೇಟ್‌ಲಿಫ್ಟಿಂಗ್‌ನಲ್ಲಿ ಹೆಬ್ಬೆರಳನ್ನು ಬಾರ್‌ಗೆ ಸುತ್ತಿ, ಅದರ ಮೇಲೆ ಮಿಕ್ಕ ಬೆರಳುಗಳನ್ನು ಬಿಗಿಯುತ್ತಾರೆ. ಹುಕ್ ಗ್ರಿಪ್ ಅನ್ನುತ್ತಾರೆ. ಬಾರ್ ಉರುಳದಂತೆ, ಜಾರದಂತೆ ಹಿಡಿಯುವ ಉಪಾಯ ಅದು. ಮೊದಲ ವಾರಗಳಲ್ಲಿ ಹೆಬ್ಬೆರಳು ಬೇಯುವಷ್ಟು ನೋಯುತ್ತದೆ. ಬೆಳಿಗ್ಗೆ ಎತ್ತಿ, ಹಗಲು ಅಂಗಡಿಯಲ್ಲಿ ರಸೀದಿ ಬರೆಯುವಾಗ ಪೆನ್ನು ಹಿಡಿಯಲಾಗದ ದಿನಗಳಿದ್ದವು. ಆಗೆಲ್ಲ ಏಕಲವ್ಯ ನೆನಪಾಗುತ್ತಿದ್ದ. ಗುರುವಿಲ್ಲದೆ ಕಲಿತವರ ಮಾತು ಎಲ್ಲಿ ಬಂದರೂ ನಾವು ಅವನ ಹೆಸರು ಹೇಳುತ್ತೇವೆ, ಅವನು ಕೊಟ್ಟ ಹೆಬ್ಬೆರಳಿಗೆ ಮರುಗುತ್ತೇವೆ. ಆ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದಕ್ಕೂ ಮೊದಲಿನ ಗಳಿಗೆ. ಕಾಡಿನಲ್ಲಿ ಒಬ್ಬನೇ ಇದ್ದ ಆ ಹುಡುಗ ಬಿಲ್ಲು ಹಿಡಿಯುವ ಮೊದಲು ಮಣ್ಣು ಕಲಸಿ ಒಂದು ಮೂರ್ತಿ ಮಾಡಿದ. ಮಣ್ಣಿನ ದ್ರೋಣ ಮಾತಾಡಲಿಲ್ಲ, ತಿದ್ದಲಿಲ್ಲ. ಆದರೆ ಎದುರಿಗೆ ಕೂತಿದ್ದ. ತನ್ನನ್ನು ನೋಡುವ ಎರಡು ಕಣ್ಣು ಹೊರಗೆ ಎಲ್ಲೋ ಇರಬೇಕು ಎಂಬುದು ಆ ಹುಡುಗನಿಗೆ ಗೊತ್ತಿತ್ತು.

ಹೊರಗಿನ ಕಣ್ಣು ಯಾಕೆ ಬೇಕೆಂಬುದನ್ನು ನನಗೆ ತೋರಿಸಿದ್ದು ನನ್ನದೇ ಮೊಣಕೈ. ಬಾರ್ ನೆಲ ಬಿಟ್ಟು ತೊಡೆಯ ಮೇಲ್ಭಾಗಕ್ಕೆ ಬರುವವರೆಗೆ ಕೈ ನೆಟ್ಟಗಿರಬೇಕು; ಎಳೆಯುವ ಬಲ ಕಾಲಿನಿಂದ, ಸೊಂಟದಿಂದ ಬರಬೇಕು. ಬಾವಿಯಿಂದ ಕೊಡ ಸೇದುವಾಗ ಹಗ್ಗದ ಕೆಲಸ ಕೊಡವನ್ನು ಹಿಡಿದಿರುವುದಷ್ಟೆ, ಎಳೆಯುವುದು ಆಳು. ಇಲ್ಲಿ ಕೈಯೇ ಹಗ್ಗ. ಕೈ ಬೇಗ ಮಡಚಿತೋ, ಕಾಲಿನ ಬಲ ಬಾರ್‌ಗೆ ಮುಟ್ಟುವ ಮೊದಲೇ ಸೋರಿಹೋಗುತ್ತದೆ. ಇದನ್ನೆಲ್ಲ ನಾನು ತಿಳಿದಿದ್ದೆ. ನನ್ನ ಕೈ ಮಡಚುವುದಿಲ್ಲವೆಂದು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಒಂದು ದಿನ ಮೊಬೈಲನ್ನು ಇಟ್ಟಿಗೆಗಳ ಮೇಲೆ, ಸೊಂಟದ ಎತ್ತರಕ್ಕೆ, ಪಕ್ಕದಿಂದ ಕಾಣುವಂತೆ ಇಟ್ಟು, ನಿಧಾನಗತಿಯಲ್ಲಿ ನೋಡಿದೆ. ಬಾರ್ ಮೊಣಕಾಲು ದಾಟುವ ಮೊದಲೇ ಎರಡೂ ಮೊಣಕೈ ಮಡಚಿದ್ದವು. ಮತ್ತೆ ಎತ್ತಿದೆ; ಈ ಸಲ ಖಂಡಿತ ನೆಟ್ಟಗಿದ್ದವು ಅನ್ನಿಸಿತು. ನೋಡಿದರೆ ಮತ್ತೆ ಹಾಗೇ.

ಆ ಬೆಳಿಗ್ಗೆ ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದೆ. ಮೈ ಸುಳ್ಳು ಹೇಳುತ್ತದೆ ಎಂದು ಹೇಳಲು ಮನಸ್ಸಾಗುವುದಿಲ್ಲ. ಅದಕ್ಕೆ ಸುಳ್ಳು ಗೊತ್ತಿಲ್ಲ. ಅಭ್ಯಾಸವಾದದ್ದನ್ನು ಅದು ಸರಿಯೆಂದು ಓದುತ್ತದೆ, ಅಷ್ಟೆ. ಹತ್ತಾರು ವರ್ಷ ಚೀಲ, ಬಕೀಟು, ಗ್ಯಾಸಿನ ಸಿಲಿಂಡರು ಎತ್ತುವಾಗ ಕೈಯಿಂದಲೇ ಎಳೆದ ಮೈಗೆ ಮಡಚಿದ ಕೈಯೇ ನೆಟ್ಟಗಿನ ಕೈ. ಒಳಗಿನಿಂದ ನೋಡುವವನಿಗೆ ಅದು ಎಂದೂ ಕಾಣುವುದಿಲ್ಲ. ನಮ್ಮ ಕೋಪ ನಮಗೆ ನ್ಯಾಯವಾಗಿ ಕಾಣುವುದು, ನಮ್ಮ ಮಾತು ನಮಗೆ ಮೃದುವಾಗಿ ಕೇಳಿಸುವುದು ಕೂಡ ಹೀಗೆಯೇ ಇರಬೇಕು ಎಂದು ಆ ದಿನ ಅನ್ನಿಸಿತು. ಹಿಂದಿನ ವಾರ ಅಂಗಡಿಯಲ್ಲಿ ಒಬ್ಬ ರೈತನ ಜೊತೆ ಸಾಲದ ವಿಷಯಕ್ಕೆ ನಾನು ಆಡಿದ ಮಾತು ನೆನಪಾಯಿತು. ಸಮಾಧಾನದಿಂದಲೇ ಹೇಳಿದೆ ಎಂದುಕೊಂಡಿದ್ದೆ. ಅವನು ಆಮೇಲೆ ಅಂಗಡಿಗೆ ಬಂದಿರಲಿಲ್ಲ.

ಮಾರನೆಯ ದಿನ ಹಿತ್ತಲ ಪಡುಗೋಡೆಯ ಮೇಲೆ ಸುಣ್ಣದಿಂದ ಒಂದು ನೇರ ಗೆರೆ ಎಳೆದೆ. ಗೌಂಡಿಗಳು ಗೋಡೆ ನೆಟ್ಟಗಿದೆಯೋ ಎಂದು ನೋಡಲು ಇಳಿಬಿಡುವ ಗುಂಡಿನ ದಾರ ಹಿಡಿದೇ ಎಳೆದದ್ದು. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ, ಹೊತ್ತು ಹುಟ್ಟಿದ ಅರ್ಧ ಗಂಟೆ ನನ್ನ ನೆರಳು ಆ ಗೋಡೆಯ ಮೇಲೆ ಪಕ್ಕದಿಂದ ಕಂಡಂತೆ ಬೀಳುತ್ತದೆ. ಎತ್ತುವಾಗ ಅದನ್ನು ತಿರುಗಿ ನೋಡುವಂತಿಲ್ಲ, ಕುತ್ತಿಗೆ ತಿರುಗಿದರೆ ಮೈ ತಿರುಗುತ್ತದೆ. ಅದನ್ನು ಮೊಬೈಲು ನೋಡುತ್ತದೆ. ಬಾರ್‌ನ ನೆರಳು ಗೆರೆಗೆ ಎಷ್ಟು ಹತ್ತಿರ ಹೋಯಿತು, ಎಲ್ಲಿ ಮುಂದಕ್ಕೆ ಸರಿಯಿತು ಎಂದು ಆಮೇಲೆ ನೋಡುತ್ತೇನೆ. ಬಾರ್ ಮೈಗೆ ಹತ್ತಿರವೇ ಏರಬೇಕು. ಒಂದೆರಡು ಅಂಗುಲ ದೂರವಾದರೂ ಅಷ್ಟೇ ತೂಕ ಬೆಟ್ಟವಾಗುತ್ತದೆ. ಎರಡು ವರ್ಷ ಆ ಗೆರೆ ನನ್ನ ವಸ್ತಾದ. ಮಳೆಗಾಲದಲ್ಲಿ ಅಳಿಸಿದಾಗೆಲ್ಲ ಮತ್ತೆ ಎಳೆದಿದ್ದೇನೆ.

ಇದು ನನ್ನಂಥ ಹಿತ್ತಲ ಕಲಿಕೆಯವನ ಪಾಡು ಮಾತ್ರವಲ್ಲ. ಮಣಿಪುರದ ಮೀರಾಬಾಯಿ ಚಾನು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಯತ್ನದಲ್ಲಿ ಸೋತು ಬರಿಗೈಲಿ ಮರಳಿದರು. ಮರುವರ್ಷವೇ ವಿಶ್ವ ಚಾಂಪಿಯನ್ ಆದರು. ಅಂಥವರೂ 2020ರಲ್ಲಿ ಭುಜದ ತೊಂದರೆ ಸರಿಪಡಿಸಿಕೊಳ್ಳಲು ಅಮೆರಿಕಕ್ಕೆ ಹೋಗಿ, ತಮ್ಮ ಮೈಯನ್ನು ಇನ್ನೊಬ್ಬರ ಕಣ್ಣಿಗೆ ಒಪ್ಪಿಸಿದರು. 2021ರ ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ 119 ಕೆ.ಜಿ. ಎತ್ತಿ ಕ್ಲೀನ್ ಅಂಡ್ ಜರ್ಕ್‌ನ ವಿಶ್ವದಾಖಲೆ ಬರೆದರು. ಅದೇ ವರ್ಷ ಜುಲೈ 24ರಂದು ಟೋಕಿಯೊದಲ್ಲಿ 87 ಮತ್ತು 115, ಒಟ್ಟು 202 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಎಷ್ಟು ಎತ್ತರ ಏರಿದವರಿಗೂ ತಮ್ಮ ಬೆನ್ನು ತಮಗೆ ಕಾಣುವುದಿಲ್ಲ.

ಹೊರಗಿನ ಕಣ್ಣಿಗೂ ಒಂದು ಮಿತಿ ಇದೆ. ಮೊದಲು ಈ ಆಟದಲ್ಲಿ ಪ್ರೆಸ್ ಎಂಬ ಮೂರನೆಯ ಬಗೆಯೂ ಇತ್ತು. ಭುಜದ ಮೇಲಿನ ಭಾರವನ್ನು ಕೈಬಲದಿಂದಲೇ ಮೇಲಕ್ಕೆ ಒತ್ತುವುದು. ಬರಬರುತ್ತ ಎತ್ತುವವರು ಬೆನ್ನು ಹಿಂದಕ್ಕೆ ಬಾಗಿಸಿ ಒತ್ತತೊಡಗಿದರು. ಎಷ್ಟು ಬಾಗಿದರೆ ಸರಿ, ಎಷ್ಟಾದರೆ ತಪ್ಪು ಎಂದು ತೀರ್ಪುಗಾರರಿಗೇ ಹೇಳುವುದು ಕಷ್ಟವಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಅದನ್ನು ಕೈಬಿಟ್ಟರು. ನೋಡುವವನ ಕಣ್ಣು ಸ್ಪಷ್ಟವಾಗಿಲ್ಲದಿದ್ದರೆ ಮಾಡುವವನ ಕೆಲಸವೂ ಕೆಡುತ್ತದೆ ಎಂಬುದಕ್ಕೆ ಅದೊಂದು ಪಾಠ.

ನಿಧಾನವಾಗಿ ಒಂದು ವಿಷಯ ಮೈಗಿಳಿಯಿತು. ಸ್ನ್ಯಾಚ್‌ನಲ್ಲಿ ಬಾರ್ ಅನ್ನು ತಲೆಯ ಮೇಲಿನವರೆಗೂ ಎಳೆಯುವುದಿಲ್ಲ. ಕಾಲು, ಸೊಂಟ ಕೊಟ್ಟ ಚಿಮ್ಮಿಗೆ ಅದು ಒಂದು ಎತ್ತರಕ್ಕೆ ಹೋಗಿ ಗಳಿಗೆಯಷ್ಟು ಹಗುರಾಗುತ್ತದೆ. ಆ ಗಳಿಗೆಯಲ್ಲಿ ಎತ್ತುವವನು ಅದರ ಕೆಳಗೆ ಇಳಿಯಬೇಕು. ಭಾರ ಮೇಲೆ ಹೋಗುವಾಗ ಮನುಷ್ಯ ಕೆಳಗೆ ಹೋಗಬೇಕು. ಹೆದರಿದ ಮೈ ಇದಕ್ಕೆ ಒಪ್ಪುವುದಿಲ್ಲ; ಅದು ನಿಂತೇ ಇರಲು, ಎಳೆಯುತ್ತಲೇ ಇರಲು ಬಯಸುತ್ತದೆ. ಹಮಾಲ ಕಾಕಾ ಚೀಲ ಹೊರುವುದನ್ನು ಗಮನಿಸಿದಾಗ ಈ ಗಂಟು ಬಿಚ್ಚಿತು. ಲಾರಿಯ ಅಂಚಿನಲ್ಲಿ ಇನ್ನಿಬ್ಬರು ಚೀಲ ವಾಲಿಸುತ್ತಿದ್ದಂತೆ ಅವರು ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುವುದಿಲ್ಲ. ಮೊಣಕಾಲು ಬಾಗಿಸಿ, ಚೀಲದ ಅಡಿಗೆ ಬೆನ್ನನ್ನು ತಾವೇ ಒಯ್ಯುತ್ತಾರೆ. ಚೀಲ ಕೂತ ಮೇಲೆ ಏಳುತ್ತಾರೆ. ಗುಡ್ಡದ ಜಾತ್ರೆಯಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿಯರನ್ನೂ ಆ ವರ್ಷ ಬೇರೆ ಕಣ್ಣಿನಿಂದ ನೋಡಿದೆ. ಕೈ ಹಿಡಿಯದ ಕೊಡ ತಲೆಯ ಮೇಲೆ ಅಲುಗದೆ ನಿಂತಿರುತ್ತದೆ. ಅದರ ಅಡಿಯಲ್ಲಿ ಕುತ್ತಿಗೆ, ಬೆನ್ನು, ಸೊಂಟ, ಮೊಣಕಾಲು ಒಂದೇ ಸಮನೆ ಅದಕ್ಕೆ ಜಾಗ ಮಾಡಿಕೊಡುತ್ತಿರುತ್ತವೆ.

ನಾಲ್ಕನೆಯ ವರ್ಷ ಭಾರತ ಹುಣ್ಣಿಮೆಗೆ ನೆಂಟರು ಬಂದಿದ್ದರು. ಬೆಳಿಗ್ಗೆ ಹಿತ್ತಲಲ್ಲಿ ಎಂಟು ಹತ್ತು ಜನ ಸೇರಿದರು. ಯಾರೋ ಇನ್ನೊಂದು ಪ್ಲೇಟು ಹಾಕು ಎಂದರು. ಹಾಕಿದೆ, ಎತ್ತಿದೆ, ಚಪ್ಪಾಳೆ ಬಂತು. ಇನ್ನೂ ಒಂದು ಎಂದರು. ಅದು ನನ್ನ ಅಳತೆ ಮೀರಿದ್ದೆಂದು ಗೊತ್ತಿದ್ದೂ ಹಾಕಿದೆ. ಬಾರ್ ಮುಂದಕ್ಕೆ ಜಾರಿದಾಗ ಬಿಡಬೇಕಿತ್ತು. ಅಷ್ಟು ಜನರೆದುರು ಬಿಡಲು ಮನಸ್ಸಾಗಲಿಲ್ಲ. ಸೊಂಟ ಹಿಡಿಯಿತು. ಮೂರು ತಿಂಗಳು ಮತ್ತೆ ಪೈಪಿನ ತುಂಡು. ಅಂದು ಹಿತ್ತಲ ತುಂಬ ಕಣ್ಣುಗಳಿದ್ದವು. ಎಲ್ಲ ಕಣ್ಣೂ ತೂಕವನ್ನು ನೋಡುತ್ತಿದ್ದವು, ಎತ್ತುವವನ ಮೇಲೆ ಒಂದೂ ಇರಲಿಲ್ಲ. ತಪ್ಪು ಅವರದಲ್ಲ, ತೂಕವನ್ನೇ ನೋಡಿ ಎಂದು ತೋರಿಸಿದವನು ನಾನು. ನೋಡುವುದು ಬೇರೆ, ಗಮನಿಸುವುದು ಬೇರೆ ಎಂಬುದನ್ನು ಆ ಮೂರು ತಿಂಗಳಲ್ಲಿ, ಹಾಸಿಗೆಯಿಂದ ಮಗ್ಗುಲಾಗಿ ಏಳುತ್ತ ಕಲಿತೆ.

ಆ ದಿನಗಳಲ್ಲಿ ಓದಿದ ಒಬ್ಬರ ಬದುಕು ನನಗೆ ಬಹಳ ಸಮಾಧಾನ ಕೊಟ್ಟಿತು. ಟಾಮಿ ಕೊನೊ, ಜಪಾನಿ ಮೂಲದ ಅಮೆರಿಕನ್. ಎಳವೆಯಲ್ಲಿ ಉಬ್ಬಸದಿಂದ ಬಳಲುತ್ತಿದ್ದ ಬಡಕಲು ಹುಡುಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಅವರ ಕುಟುಂಬ ಟ್ಯೂಲಿ ಲೇಕ್ ಎಂಬಲ್ಲಿ ಸೆರೆಯಾಯಿತು. ಅಲ್ಲಿ ನೆರೆಯವರ ಜೊತೆ ಸೇರಿ ಭಾರ ಎತ್ತಲು ಶುರು ಮಾಡಿದ ಹುಡುಗ 1952ರ ಹೆಲ್ಸಿಂಕಿಯಲ್ಲಿ, 1956ರ ಮೆಲ್ಬರ್ನ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು; 1960ರ ರೋಮ್‌ನಲ್ಲಿ ಬೆಳ್ಳಿ. ಬೇಲಿಯೊಳಗೆ ಕಲಿಕೆಗೆ ಬಾಗಿಲು ತೆರೆದದ್ದು ನೆರೆಯವರು. ಆ ಋಣ ಅವರು ಮರೆಯಲಿಲ್ಲವೆಂದು ನನಗೆ ಅನ್ನಿಸುವುದಕ್ಕೆ ಕಾರಣವಿದೆ: ಆಟ ಬಿಟ್ಟ ಮೇಲೆ ಅವರು ಮೆಕ್ಸಿಕೊ, ಪಶ್ಚಿಮ ಜರ್ಮನಿ, ಅಮೆರಿಕ ತಂಡಗಳಿಗೆ ಕೋಚ್ ಆದರು.

ನಮ್ಮ ನಾಡಿನ ಗುರುರಾಜ ಪೂಜಾರಿಯವರ ಕಥೆಯಲ್ಲೂ ಅಂಥ ಒಂದು ಕಣ್ಣಿದೆ. ಕುಂದಾಪುರ ಕಡೆಯ ಲಾರಿ ಚಾಲಕರ ಮಗ, ಮೊದಲು ಕುಸ್ತಿಯ ಹುಚ್ಚು ಹತ್ತಿದವರು. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದಾಗ ಅಲ್ಲಿನ ತರಬೇತುದಾರ ರಾಜೇಂದ್ರ ಪ್ರಸಾದ್ ಅವರು ಈ ಮೈ ವೇಟ್‌ಲಿಫ್ಟಿಂಗ್‌ಗೆ ಹೇಳಿಸಿದ್ದೆಂದು ಗುರುತಿಸಿದರು. 2018ರ ಏಪ್ರಿಲ್ 5ರಂದು ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, 56 ಕೆ.ಜಿ. ವಿಭಾಗದಲ್ಲಿ, ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನ ಕೊನೆಯ ಯತ್ನದಲ್ಲಿ 138, ಒಟ್ಟು 249 ಕೆ.ಜಿ. ಎತ್ತಿ ಅವರು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು. ಹುಡುಗನ ಮೈಯಲ್ಲಿ ಇದ್ದದ್ದು ಮೊದಲಿನಿಂದಲೂ ಇತ್ತು. ಅದನ್ನು ಕಂಡವರು ಇನ್ನೊಬ್ಬರು.

ನನ್ನನ್ನು ಕಂಡವರು ಯಾರೆಂದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಆರನೆಯ ವರ್ಷ ಇರಬೇಕು. ಎತ್ತುವುದು ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಅಡುಗೆಮನೆಯ ಹೊಸ್ತಿಲ ಬಳಿ ಕೂತೆ. ಅವ್ವ ತಲೆ ಎತ್ತದೆ ಹೇಳಿದಳು:

‘ಯಾಕೋ ಯಪ್ಪಾ, ಇವತ್ತ ಬರೇ ಎರಡೆರಡ ಸಪ್ಪಳ ಬಂದ್ವಲ್ಲ?’

ನನಗೆ ತಿಳಿಯಲಿಲ್ಲ. ‘ಏನಬೇ ಹಂಗಂದ್ರ?’

‘ಚಲೋ ಎತ್ತಿದ ದಿನಾ ಒಂದ ಸಪ್ಪಳ ಬರತೈತಿ. ಕಾಲಿಂದೂ ಕಬ್ಬಣದ್ದೂ ಕೂಡೇ. ಮೈಯಾಗ ಕಸುವಿಲ್ಲದ ದಿನಾ ಮೊದಲ ಕಾಲು ಧಪ್ ಅಂತೈತಿ, ಆಮ್ಯಾಲ ಕಬ್ಬಣಾ ಖಣ್ ಅಂತೈತಿ.’

ನಾನು ಸುಮ್ಮನೆ ಅವಳ ಕೈ ನೋಡುತ್ತ ಕೂತೆ. ಎಸರು ಹಾಕಿ ನಾದಿದ ಹಿಟ್ಟಿನ ಉಂಡೆ ಹಲಗೆಯ ಮೇಲಿತ್ತು. ಬಲಗೈ ಬಡಿಯುತ್ತಿತ್ತು, ಒಂದೊಂದು ಬಡಿತಕ್ಕೂ ರೊಟ್ಟಿ ತಾನೇ ತಿರುಗಿತೋ ಕೈ ತಿರುಗಿಸಿತೋ ಎಂದು ಹೇಳಲಾಗದಂತೆ ಒಂದಿಷ್ಟು ತಿರುಗುತ್ತಿತ್ತು. ಅಂಚು ತೆಳ್ಳಗಾಗುತ್ತ ಹರಡಿತು. ಒಮ್ಮೆ ಸಪ್ಪಳ ಸ್ವಲ್ಪ ಮಂದವಾಯಿತು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವ್ವ ತಕ್ಷಣ ಆ ಜಾಗಕ್ಕೆ ಚಿಟಿಕೆ ಹಿಟ್ಟು ಉದುರಿಸಿದಳು. ಸಪ್ಪಳ ಮತ್ತೆ ಮೊದಲಿನಂತಾಯಿತು. ಎರಡೂ ಕೈಯಲ್ಲಿ ರೊಟ್ಟಿ ಎತ್ತಿ ಹೆಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಅದು ಎಲ್ಲೂ ಹರಿಯಲಿಲ್ಲ. ಐವತ್ತು ವರ್ಷ ಕಿವಿಯಿಂದ ರೊಟ್ಟಿ ಬಡಿದವಳು ಅವಳು. ಹಿತ್ತಲ ಕಡೆ ತಿರುಗಿಯೂ ನೋಡದೆ, ಆ ಕಿವಿಯನ್ನೇ ಆರು ವರ್ಷ ನನಗೂ ಕೊಟ್ಟಿದ್ದಳು.

ಆಮೇಲೆ ಮೊಬೈಲಿನಲ್ಲಿ ಪರೀಕ್ಷಿಸಿ ನೋಡಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಸ್ನ್ಯಾಚ್ ಚೆನ್ನಾಗಿ ಕೂತಾಗ ಪಾದ ನೆಲಕ್ಕೆ ಬಡಿಯುವುದು, ಕೈ ನೆಟ್ಟಗಾಗಿ ಬಾರ್ ಮೇಲೆ ನಿಲ್ಲುವುದು, ಪ್ಲೇಟುಗಳು ಒಮ್ಮೆ ಅದುರುವುದು ಎಲ್ಲ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಆಗುತ್ತವೆ. ಕೆಳಗಿಳಿಯಲು ಹಿಂಜರಿದ ದಿನ ಕಾಲು ಮೊದಲು ನೆಲ ಸೇರುತ್ತದೆ, ಕೈ ಆಮೇಲೆ ಒತ್ತಿ ನೆಟ್ಟಗಾಗುತ್ತದೆ. ಸ್ಪರ್ಧೆಯಲ್ಲಿ ಹಾಗೆ ಒತ್ತಿ ಮುಗಿಸಿದರೆ ತೀರ್ಪುಗಾರರು ಕೆಂಪು ದೀಪ ಹಾಕುತ್ತಾರೆ. ವೇಟ್‌ಲಿಫ್ಟಿಂಗ್‌ನ ಹೆಸರೂ ಗೊತ್ತಿಲ್ಲದ ಅವ್ವ, ಆ ಕೆಂಪು ದೀಪವನ್ನು ಒಲೆಯ ಮುಂದೆ ಕೂತೇ ಹಚ್ಚುತ್ತಿದ್ದಳು.

ಕೋಚ್ ಇಲ್ಲದೆ ಕಲಿಯುವುದೆಂದರೆ ಒಬ್ಬನೇ ಕಲಿಯುವುದು ಎಂದು ನಾನು ತಿಳಿದಿದ್ದೆ. ಈಗ ಹಾಗೆ ಹೇಳಲಾರೆ. ಬಿಡುವುದನ್ನು ಕಾಕಾ ಹೇಳಿಕೊಟ್ಟರು. ನೆಟ್ಟಗಿರುವುದನ್ನು ಗೌಂಡಿಯ ದಾರ ಹೇಳಿಕೊಟ್ಟಿತು. ಕೂಡಿಬರುವುದನ್ನು ಅವ್ವ ಹೇಳಿದಳು. ಕೋಚ್ ಒಬ್ಬರಿದ್ದಿದ್ದರೆ ಎರಡು ವರ್ಷದಲ್ಲಿ ಕಲಿಯುತ್ತಿದ್ದುದನ್ನು ನಾನು ಆರು ವರ್ಷದಲ್ಲಿ ಕಲಿತಿರಬಹುದು. ಸೊಂಟದ ನೋವೂ ತಪ್ಪುತ್ತಿತ್ತೇನೋ. ಆದ್ದರಿಂದ ಕಲಿಸುವವರು ಸಿಗುವ ಊರಿನಲ್ಲಿರುವವರಿಗೆ ನಾನು ಹೇಳುವುದು ಒಂದೇ ಮಾತು: ಹೋಗಿ ಅವರ ಮುಂದೆ ನಿಲ್ಲಿ. ಸಿಗದವರು ತಮ್ಮನ್ನು ಗಮನಿಸುವ ಜೀವ ಎಲ್ಲಿದೆಯೆಂದು ಮೊದಲು ಹುಡುಕಿಕೊಳ್ಳಿ. ಅದು ಹತ್ತಿರದಲ್ಲೇ ಎಲ್ಲೋ, ತನ್ನ ಕೆಲಸ ಮಾಡುತ್ತ ಕೂತಿರುತ್ತದೆ. ಅದು ಹೇಳಿದ್ದನ್ನು ಕೇಳುವಷ್ಟು ಕಿವಿ ನಮಗಿರಬೇಕು. ಸಾಲದ ಮಾತಿಗೆ ನೊಂದಿದ್ದ ಆ ರೈತನ ಮನೆಗೂ ನಾನು ಒಂದು ದಿನ ಹೋಗಿಬಂದೆ. ನನ್ನ ಮಾತು ಅವನಿಗೆ ಹೇಗೆ ಕೇಳಿಸಿತ್ತು ಎಂದು ಕೇಳಿದೆ. ಅವನು ಹೇಳಿದ. ನಾನು ಕೇಳಿಸಿಕೊಂಡೆ.

ಈಗ ಕೆಲವು ತಿಂಗಳಿಂದ ಓಣಿಯ ಹುಡುಗನೊಬ್ಬ ಬೆಳಿಗ್ಗೆ ಬರುತ್ತಾನೆ. ಹೈಸ್ಕೂಲು ಮುಗಿಸುತ್ತಿದ್ದಾನೆ. ಅವನಿಗೂ ಮೊದಲು ಪೈಪಿನ ತುಂಡು, ಆಮೇಲೆ ಬಿಡುವುದು. ಮೊನ್ನೆ ಮೊದಲ ಸಲ ಬಾರ್ ಕೊಟ್ಟೆ, ಪ್ಲೇಟು ಹಾಕದೆ. ಪೂರ್ವಕ್ಕೆ ಬೆಳಕು ಆಗತಾನೆ ಒಡೆಯುತ್ತಿತ್ತು. ಅವನು ಹೆಬ್ಬೆರಳನ್ನು ಬೆರಳುಗಳ ಅಡಿಗೆ ಸೇರಿಸಿ, ನೋವಿಗೆ ಮುಖ ಸಣ್ಣಗೆ ಮಾಡಿ, ಉಸಿರು ಹಿಡಿದು ಎತ್ತಿದ. ಬಾರ್ ಮೇಲೆ ನಿಂತಿತು. ಅವನು ಅದನ್ನು ನೋಡಲಿಲ್ಲ. ದಂಡೆಯ ಮೇಲೆ ಕೂತಿದ್ದ ನನ್ನನ್ನು ನೋಡಿದ.

ಅಡುಗೆಮನೆಯಲ್ಲಿ ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಂತಿತ್ತು.

‘ಎರಡ ಸಪ್ಪಳ ಬಂದ್ವು, ತಮ್ಮಾ’ ಎಂದೆ. ‘ಇಳಿಸಿ, ಇನ್ನೊಮ್ಮೆ ಹಿಡಿ.’